ಕೈ ಕಟ್ಟಿ ನಿಲ್ಲು

ಮಕ್ಕಳು ಶಾಲೆಗೆ ಮೊಬೈಲ್ ತರಬಹುದೇ ಬಾರದೇ ಎಂದು ಯಾರಾದರೂ ಮಾತು ತೆಗೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ತಂದರೆ ಕೆಡುತ್ತಾರೆ, ಒಪ್ಪಿದೆ. ನನ್ನ ಕ್ಲಾಸಿನಲ್ಲೇ ಪಾಠ ನಡೆಯುವಾಗ ಡೆಸ್ಕಿನ ಕೆಳಗೆ ಗೇಮ್ ಆಡುವವರಿದ್ದರು. ಅವರದನ್ನು ಕಿತ್ತಿಟ್ಟುಕೊಳ್ಳಲಿ, ನನ್ನದೇನೂ ತಕರಾರಿಲ್ಲ. ಆದರೆ ಕಿತ್ತುಕೊಳ್ಳುವ ಮೊದಲು ಏನು, ಎತ್ತ ಎಂದು ಒಂದು ಮಾತು ಕೇಳಬೇಕಲ್ಲ? ಬಾಯಿ ಇರುವುದು ಗದರುವುದಕ್ಕೆ ಮಾತ್ರವೇ?

ನಮ್ಮ ಅಪ್ಪ, ಅವ್ವ ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ, ಮಾತೂ ಬರುವುದಿಲ್ಲ. ಓದುಬರಹವೂ ಇಲ್ಲ. ನಮ್ಮ ಮನೆಯಲ್ಲಿ ಜಗಳ, ತಮಾಷೆ, ಸಾರಿಗೆ ಉಪ್ಪು ಜಾಸ್ತಿಯಾಯಿತೆಂಬ ದೂರು, ಎಲ್ಲವೂ ಕೈಯಲ್ಲೇ. ಗೊರೂರು ರಸ್ತೆಯ ನಮ್ಮ ಹಳ್ಳಿಯಿಂದ ನಾನು ಹಾಸನದ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗತೊಡಗಿದಾಗ ಅಪ್ಪ ಎರಡು ಫೋನು ತಂದ, ಒಂದು ಅವನಿಗೆ, ಒಂದು ನನಗೆ. ನಾನು ವಿಡಿಯೊ ಕಾಲ್ ಮಾಡಿದರೆ ಅವನ ಜೇಬಿನಲ್ಲಿ ಫೋನು ನಡುಗುತ್ತಿತ್ತು. ಹಸುವಿಗೆ ಹುಲ್ಲು ಕೊಯ್ಯುತ್ತಿದ್ದವನು ಕುಡುಗೋಲು ಬಿಟ್ಟು, ಫೋನನ್ನು ಬದುವಿನ ಕಲ್ಲಿಗೆ ಒರಗಿಸಿ ಎರಡೂ ಕೈಯಲ್ಲಿ ಮಾತಿಗೆ ಕೂರುತ್ತಿದ್ದ.

ಹತ್ತನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಇದ್ದಕ್ಕಿದ್ದಂತೆ ಸಂಜೆ ಸ್ಪೆಷಲ್ ಕ್ಲಾಸ್ ಇದೆ ಎಂದರು. ಮಾಮೂಲಿ ಬಸ್ಸು ತಪ್ಪುತ್ತದೆ, ನಾನು ಇಳಿಯದಿದ್ದರೆ ಸ್ಟಾಪಿನಲ್ಲಿ ಕಾಯುವ ಅಪ್ಪ ಗಾಬರಿಯಾಗುತ್ತಾನೆ. ಊಟದ ಬಿಡುವಿನಲ್ಲಿ ನೀರಿನ ಟ್ಯಾಂಕಿನ ಹಿಂದೆ ಹೋಗಿ, ಫೋನನ್ನು ಗೋಡೆಗೆ ಒರಗಿಸಿ ಕಾಲ್ ಮಾಡಿದೆ. ಉಂಡೆಯಾ ಎಂದು ಅಪ್ಪ ಕೇಳಿದ. ಉಂಡೆ ಎಂದು ಕೈ ಆಡಿಸುವಷ್ಟರಲ್ಲಿ ಪಿ.ಟಿ. ಮೇಷ್ಟ್ರು ಬಂದೇಬಿಟ್ಟರು.

"ರೀಲ್ಸ್ ಮಾಡ್ತಿದೀಯೇನೇ? ಸ್ಕೂಲಲ್ಲಿ ಡ್ಯಾನ್ಸಾ?"

ಫೋನು ಕಿತ್ತುಕೊಂಡು, ಆಫ್ ಮಾಡಿ, ನೇರ ಹೆಡ್‌ಮಾಸ್ಟರ ರೂಮಿಗೆ. ಅಪ್ಪನಿಗೆ ಹೇಳುತ್ತಿದ್ದೆ ಸಾರ್ ಎಂದೆ. "ಮನೆಗೆ ಹೇಳೋಕೆ ಆಫೀಸ್ ಫೋನಿಲ್ವಾ?" ಎಂದರು ಹೆಡ್‌ಮಾಸ್ಟರು. ಅಪ್ಪನಿಗೆ ಕಿವಿ ಕೇಳಿಸುವುದಿಲ್ಲ ಎಂದೆ. "ಸ್ವಲ್ಪ ಜೋರಾಗಿ ಮಾತಾಡು" ಎಂದರು. ತಮಾಷೆಗಲ್ಲ, ನಿಜವಾಗಿಯೂ ಹಾಗೇ ಅಂದರು. ಫೋನು ಅವರ ಬೀರು ಸೇರಿತು.

ಅಲ್ಲಿ ಹುಲ್ಲಿನ ನಡುವೆ ಕೂತಿದ್ದ ಅಪ್ಪನಿಗೆ ಕಂಡದ್ದಿಷ್ಟು: ಮಗಳ ಮುಖಕ್ಕೆ ಅಡ್ಡ ಬಂದ ಗಂಡಸಿನ ಕೈ, ಆಮೇಲೆ ಏನೂ ಇಲ್ಲ. ತಿರುಗಿ ಮಾಡಿದರೆ ಫೋನು ಹೋಗುತ್ತಿಲ್ಲ. ಮೊಪೆಡ್ ಹತ್ತಿ ಹಾಸನಕ್ಕೆ ಬಂದುಬಿಟ್ಟ.

ಗೇಟಿನಲ್ಲಿ ಗಲಾಟೆ ಎದ್ದಾಗ ನಾವು ಲೆಕ್ಕ ಮಾಡುತ್ತಿದ್ದೆವು. ಆ ದನಿ ಯಾರದೆಂದು ನನಗೆ ತಕ್ಷಣ ಗೊತ್ತಾಯಿತು. ಅಪ್ಪನಿಗೆ ಮಾತ್ರ ತನ್ನ ದನಿ ಹೇಗಿದೆಯೆಂದು ಗೊತ್ತಿಲ್ಲ. ನಾನು ಓಡಿ ಹೋಗುವಷ್ಟರಲ್ಲಿ ವಾಚ್‌ಮನ್ ಅವನ ಎದೆಗೆ ಕೈ ಹಾಕಿ ತಳ್ಳುತ್ತ, "ಕುಡ್ಕೊಂಡು ಬಂದವ್ನೆ ಸಾ, ಒಳೀಕೆ ನುಗ್ತಾವ್ನೆ!" ಎಂದು ಕೂಗುತ್ತಿದ್ದ. ಅಂಗಿಯ ಜೇಬು ಕಿತ್ತು ನೇತಾಡುತ್ತಿತ್ತು. ಜೀವನದಲ್ಲಿ ಒಂದು ತೊಟ್ಟು ಕುಡಿದವನಲ್ಲ ನಮ್ಮಪ್ಪ.

ಹೆಡ್‌ಮಾಸ್ಟರ ರೂಮಿನಲ್ಲಿ ಅವನು ಮೊದಲು ನನ್ನ ಕೆನ್ನೆ ನೋಡಿದ, ತೋಳು ನೋಡಿದ. ಯಾರು ಹೊಡೆದರು ಎಂದು ಕೇಳಿದ. ಉತ್ತರಿಸಲು ಕೈ ಎತ್ತಿದೆ.

"ಏಯ್, ಕೈ ಕಟ್ಟಿ ನಿಲ್ಲು!"

ಒಂದನೇ ಕ್ಲಾಸಿನಿಂದ ರೂಢಿಯಾದದ್ದು. ಕೈ ತಾನಾಗಿಯೇ ಕಟ್ಟಿಕೊಂಡಿತು. ಹೆಡ್‌ಮಾಸ್ಟರು ಅಪ್ಪನ ಕಡೆ ತಿರುಗಿ ಶಿಸ್ತು, ಹೆಣ್ಣುಮಕ್ಕಳು, ಕೆಟ್ಟ ಕಾಲ ಎಂದು ಉದ್ದಕ್ಕೆ ಭಾಷಣ ಬಿಗಿದರು. ಅಪ್ಪ ಅವರ ತುಟಿ ನೋಡುವುದು, ನನ್ನ ಕಟ್ಟಿದ ಕೈ ನೋಡುವುದು. ಕೊನೆಗೆ ಅವರು, "ಏನಯ್ಯಾ, ಅರ್ಥ ಆಯ್ತಾ?" ಎಂದರು.

ನನಗೆ ರೇಗಿಹೋಯಿತು. ಕೈ ಬಿಚ್ಚಿದೆ. ಅವರಂದದ್ದನ್ನು ಒಂದೂ ಬಿಡದೆ, ಪಿ.ಟಿ. ಮೇಷ್ಟ್ರಂದ ಡ್ಯಾನ್ಸಿನ ಮಾತನ್ನೂ ಸೇರಿಸಿ, ಅಪ್ಪನಿಗೆ ಹೇಳಿದೆ. ಅವನು ತನ್ನ ಫೋನನ್ನು ತೆಗೆದು ಅವರ ಮೇಜಿನ ಮೇಲಿಟ್ಟು, ನನ್ನ ಕಡೆ ನೋಡಿ ಕೈಯಲ್ಲಿ ಏನೋ ಹೇಳಿದ.

"ಏನಂತೆ?" ಎಂದರು ಹೆಡ್‌ಮಾಸ್ಟರು.

"ಇದನ್ನೂ ನೀವೇ ಇಟ್ಕಬೇಕಂತೆ ಸಾ. ಮಗಳಿಲ್ದಿದ್ರೆ ಇದ್ರಲ್ಲಿ ಇನ್ಯಾರ ಜೊತೆ ಮಾತಾಡ್ಲಿ ಅಂತ ಕೇಳ್ತಾವ್ರೆ."



ಹೆಡ್‌ಮಾಸ್ಟರು ಬೀರು ತೆಗೆದು ನನ್ನ ಫೋನನ್ನೂ ಹೊರಗಿಟ್ಟು, ಎರಡನ್ನೂ ನಮ್ಮ ಕಡೆ ತಳ್ಳಿದರು. ದಿನಾ ಬೆಳಿಗ್ಗೆ ಆಫೀಸಿನಲ್ಲಿ ಕೊಟ್ಟು, ಬೇಕಾದಾಗ ಕೇಳಿ ಮಾಡು ಎಂದರು. ಹರಿದ ಜೇಬಿನ ಬಗ್ಗೆ ತುಟಿ ಬಿಚ್ಚಲಿಲ್ಲ. ನಾವು ಬಾಗಿಲು ದಾಟುವಾಗ ಹಿಂದಿನಿಂದ, "ದೊಡ್ಡವರ ಮುಂದೆ ಹಂಗೆಲ್ಲ ಕೈ ಆಡಿಸ್ಬಾರ್ದು, ನೋಡೋಕೆ ಚೆನ್ನಾಗಿರಲ್ಲ" ಎಂದರು.

ನಾನು ತಿರುಗಿ ನೋಡಿದ್ದನ್ನು ಕಂಡು ಏನೆಂದರು ಎಂದು ಅಪ್ಪ ಕೇಳಿದ.

ಹುಷಾರಾಗಿ ಹೋಗಿ ಅಂದರು ಎಂದು ಹೇಳಿದೆ.