ತಾನೇ ಹಾರಿ ಬಂದ ತಂಗಿ

ಕಳೆದ ತಿಂಗಳು ಹಿಂದೂಪುರದ ತವರುಮನೆಯಲ್ಲಿ ಹಳೆಯ ಪೆಟ್ಟಿಗೆ ತೆಗೆದಾಗ ರೇಷ್ಮೆ ನೂಲಿನ ಮುಗ್ಗು ವಾಸನೆ ಮೂಗಿಗೆ ಬಂತು. ಅಡಿಯಲ್ಲಿ ರಟ್ಟು ಕಿತ್ತುಹೋದ ಒಂದು ತೆಲುಗು ಮಕ್ಕಳ ಕಾದಂಬರಿ. ಕೊನೆಯ ಅಧ್ಯಾಯಕ್ಕೆ ಮುಂಚೆ ಗುರುತಿಗೆಂದು ಒಂದು ಕೆಂಪು ಎಳೆ. ಅದನ್ನು ಇಟ್ಟವಳು ನಾನೇ...

ಆ ಪುಸ್ತಕವನ್ನು ನಾನು ಓದಿ ಹೇಳಿದ್ದು ಪಕ್ಕದ ಮನೆಯ ಅತ್ತೆಗೆ. ಸಂಬಂಧದಲ್ಲಿ ಅತ್ತೆಯೇನಲ್ಲ, ಕರೆದು ಕರೆದು ಅತ್ತೆಯಾದವರು. ಮಗ್ಗದಲ್ಲಿ ಒಂದು ಹಾಸು, ಅಂದರೆ ಉದ್ದದ ಎಳೆಗಳ ಸುತ್ತು, ಮುಗಿದರೆ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಬೆರಳಲ್ಲಿ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ, ಎರಡು ಮೂರು ದಿನದ ಕೆಲಸ. ಕೈಗೆ ಬಿಡುವಿಲ್ಲ, ಕಿವಿಗೆ ಕೆಲಸವಿಲ್ಲ. ಅತ್ತೆಗೆ ಓದು ಬರುತ್ತಿರಲಿಲ್ಲ. ಆರನೇ ಕ್ಲಾಸಿನ ನಾನು ಶಾಲೆಯ ತೆಲುಗಿನಲ್ಲಿ ಓದಿ ಮನೆಯ ಕನ್ನಡದಲ್ಲಿ ಹೇಳುತ್ತಿದ್ದೆ.

ಕಥೆ ಇಷ್ಟು. ಮುನಿಸಿಕೊಂಡು ಮನೆ ಬಿಟ್ಟ ತಂಗಿ ಬೆಟ್ಟದ ಮೇಲೆ ಹಕ್ಕಿಯಾಗುತ್ತಾಳೆ. ಅಲ್ಲಿ ಸಾವಿರ ಹಕ್ಕಿ, ಎಲ್ಲ ಒಂದೇ ಥರ. ಅಕ್ಕ ಕೆಳಗೆ ನಿಂತು ಕೂಗುತ್ತಾಳೆ. ತಪ್ಪು ಹಕ್ಕಿಯನ್ನು ಕರೆದಾಗಲೆಲ್ಲ ಅವಳ ನಾಲಿಗೆಯಿಂದ ಒಂದು ಮಾತು ಕಳೆದುಹೋಗುತ್ತದೆ.

ನನಗೆ ರೆಕ್ಕೆಯ ಬಣ್ಣ, ಬೆಟ್ಟದ ಗುಹೆ ಇವೇ ಹೆಚ್ಚು. ಅತ್ತೆ ಮಾತ್ರ ಎಳೆ ಹೊಸೆಯುತ್ತಲೇ, "ಅಮ್ಮಿ, ಉಳಿದ ಹಕ್ಕಿಗಳೂ ಯಾರದೋ ಅಕ್ಕತಂಗೀರೇ ಅಲ್ವಾ? ಅವ್ರನ್ನ ಕರೆಯಕ್ಕೆ ಯಾರು ಬತ್ತಾರೆ?" ಎಂದು ಕೇಳಿಬಿಡೋರು. ಮಕ್ಕಳ ಪುಸ್ತಕವನ್ನು ಅಷ್ಟು ಮನಸ್ಸಿಟ್ಟು ಯೋಚಿಸಿದವರನ್ನು ಆಮೇಲೆ ನಾನು ಕಾಣಲಿಲ್ಲ, ಅದೂ ಅಕ್ಷರ ಬಾರದವರು. ಆ ಕಥೆ ಅವರಿಗೆ ಯಾಕೆ ಅಷ್ಟು ತಾಗಿತ್ತು ಅನ್ನುವುದು ಇಡೀ ಬೀದಿಗೇ ಗೊತ್ತಿತ್ತು.

ಅತ್ತೆಯ ತಂಗಿಯನ್ನು ಕಲ್ಯಾಣದುರ್ಗಕ್ಕೆ ಕೊಟ್ಟಿತ್ತು. ತಂಗಿ ತನ್ನ ಮಗಳ ನಾಮಕರಣಕ್ಕೆ, ಹಿಂದೂಪುರಕ್ಕೆ ಬಸ್ಸಿನಲ್ಲಿ ಬರುತ್ತಿದ್ದ ಯಾರ ಕೈಲೋ ಹೇಳಿ ಕಳಿಸಿದಳು. ನಮ್ಮಲ್ಲಿ ಶುಭಕಾರ್ಯಕ್ಕೆ ಮನೆಗೆ ಬಂದು ಬೊಟ್ಟಿಟ್ಟು ಕರೆಯಬೇಕು. ಬಾಣಂತಿ ಬರಲಾಗದಿದ್ದರೆ ಮನೆಯವರಾದರೂ ಬರಬೇಕಿತ್ತು ಅಂತ ಅಕ್ಕ, ಒಡಹುಟ್ಟಿದವಳಿಗೂ ಬೊಟ್ಟು ಬೇಕಾ ಅಂತ ತಂಗಿ. ನಾಲ್ಕು ವರ್ಷ ಮಾತಿರಲಿಲ್ಲ. ಆದರೂ ಆ ಮಗುವಿನ ಲಂಗಕ್ಕೆಂದು ಅತ್ತೆ ಒಂದು ತುಂಡು ಹಸಿರು ರೇಷ್ಮೆ ಎತ್ತಿಟ್ಟಿದ್ದರು. ಕಥೆ ಕೊನೆಗೆ ಬಂದ ಶನಿವಾರ ಅದನ್ನು ಹೊರಗೆ ತೆಗೆದು ಕೈಚೀಲದಲ್ಲಿಟ್ಟು, "ಈ ಕತೆ ಮುಗೀಲಿ ಕಣಮ್ಮಿ. ನಾಳೆ ಕಲ್ಯಾಣದುರ್ಗಕ್ಕೆ ಹೋಗಿ ಬಂದ್ಬುಡೋಣ ಅನ್ಸುತ್ತೆ" ಅಂದರು.

ಆ ಸಂಜೆ ಎದುರು ಮನೆಯ ಟೀವಿಯಲ್ಲಿ ಸಿನಿಮಾ ಶುರುವಾಗುವ ಹೊತ್ತು. ಉಳಿದಿದ್ದು ಒಂದೇ ಅಧ್ಯಾಯ, ಶಾಲೆಯಲ್ಲಿ ಆಗಲೇ ಓದಿಬಿಟ್ಟಿದ್ದೆ. ಒಂದು ಮಾತೂ ಉಳಿಯದ ಅಕ್ಕ ಬೆಟ್ಟ ಹತ್ತಿ, ಒಂದೊಂದು ಹಕ್ಕಿಯ ಮುಂದೂ ಸುಮ್ಮನೆ ಕೈಚಾಚಿ ನಿಲ್ಲುತ್ತಾಳೆ. ಹೇಳಲು ಅರ್ಧ ಗಂಟೆಯಾದರೂ ಬೇಕು. ನಾನು ಕೆಂಪು ಎಳೆ ಇಟ್ಟು ಪುಸ್ತಕ ಮುಚ್ಚಿದೆ.

"ಆಮೇಲೆ? ಅಕ್ಕ ಮೇಲಕ್ಕೆ ಹೋಯ್ತಾಳಾ?"

"ಇಲ್ಲ ಅತ್ತೆ. ತಂಗಿ ತಾನೇ ಹಾರ್ಕೊಂಡು ಬಂದು ಅಕ್ಕನ ಭುಜದ ಮೇಲೆ ಕೂತ್ಕೊಂತಾಳೆ. ಮುಗೀತು."

ಅತ್ತೆಯ ಬೆರಳು ನಿಂತವು. "ತಾನೇ ಬಂದ್ಲಾ?" ಅಂದರು. ಮತ್ತೆ ಎಳೆಗೆ ಕೈಹಾಕಿ, "ಹಂಗಾರೆ ಬರಲಿ ಬಿಡು" ಅಂದರು. ನಾನು ಅಷ್ಟರಲ್ಲಿ ಹೊಸ್ತಿಲು ದಾಟಿದ್ದೆ. ಮರುದಿನ ಅವರು ಎಲ್ಲಿಗೂ ಹೋಗಲಿಲ್ಲ.

ಎರಡು ವರ್ಷಕ್ಕೆ ಆ ತಂಗಿ ಜ್ವರ ಬಂದು ತೀರಿಕೊಂಡಳು. ಮಣ್ಣು ಮುಗಿಸಿ ಬಂದ ಅತ್ತೆ ಜಗಲಿಯ ಮೇಲೆ ಕೂತು, "ಅವಳೂ ಕಾಯ್ತಿದ್ಲಂತೆ ಕಣಮ್ಮಿ" ಅಂದರು, ಅಷ್ಟೇ. ಆಗಲೇ ಹೇಳಬೇಕಿತ್ತು. ಮದುವೆಯಾದ ಮೇಲೂ ಹಬ್ಬಕ್ಕೆ ಬಂದಾಗಲೆಲ್ಲ ಅದೇ ಜಗಲಿಯ ಮೇಲೆ ಅವರು ಕೊಟ್ಟ ಕಾಫಿ ಕುಡಿಯುತ್ತಾ, ಇವತ್ತು ಹೇಳೋಣ, ನಾಳೆ ಹೇಳೋಣ... ಒಂದು ಕಥೆ ಕೇಳಿ ಯಾರಾದರೂ ಪ್ರಯಾಣ ನಿಲ್ಲಿಸ್ತಾರಾ, ಅದು ಅವರ ಹಟವೇ ಇರಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಗೊತ್ತಿದ್ದವಳು ನಾನೊಬ್ಬಳೇ. ಹೋದ ವರ್ಷ ಅತ್ತೆಯೂ ಹೋದರು.

ಮೊನ್ನೆ ಪುಸ್ತಕ ಹಿಡಿದು ಕಲ್ಯಾಣದುರ್ಗದ ಬಸ್ಸು ಹತ್ತಿದೆ. ಆ ನಾಮಕರಣದ ತೊಟ್ಟಿಲಲ್ಲಿದ್ದ ಮಗು ಈಗ ಎರಡು ಮಕ್ಕಳ ತಾಯಿ, ಬಸ್ ಸ್ಟ್ಯಾಂಡಿನ ಹಿಂದೆ ಬಟ್ಟೆ ಹೊಲಿಯುತ್ತಾಳೆ. ಅತ್ತೆಯ ತಿಥಿಯಲ್ಲಿ ಪರಿಚಯವಾಗಿತ್ತು. ಎಲ್ಲವನ್ನೂ ಹೇಳಿದೆ. ಆ ಅಧ್ಯಾಯವನ್ನು ಕನ್ನಡ ಮಾಡಿ, ಒಂದು ಸಾಲೂ ಬಿಡದೆ ಓದಿದೆ. ಹೊಲಿಗೆ ಮಷೀನಿನ ಮೇಲೆ ಕೈಯಿಟ್ಟುಕೊಂಡು ಅವಳು ಪೂರ್ತಿ ಕೇಳಿಸಿಕೊಂಡಳು. ಬೈಯಲಿಲ್ಲ.

"ನಂಗ್ಯಾಕೆ ಹೇಳ್ತೀಯಕ್ಕ?" ಅಂದಳು. "ದೊಡ್ಡಮ್ಮ ಹೋದ ವರ್ಷದ ತನಕ ಇದ್ರಲ್ಲ."

ಇದ್ದರು. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ.