ಲೇವಾನ್ ಎತ್ತಿದ ಮೂರು ಬೆರಳು

ಕೋವಿಡ್ ಗಲಾಟೆ ತಣ್ಣಗಾದ ಮೇಲಿನ ಮಾತಿದು. ಆಗ ನಾನು ಕಾರ್ಕ್ ನಗರದ ಒಂದು ಆಸ್ಪತ್ರೆಯಲ್ಲಿ ಸರ್ಜಿಕಲ್ ವಾರ್ಡಿನ ನರ್ಸ್ ಮ್ಯಾನೇಜರ್. ಕುಂದಾಪುರದಿಂದ ಐರ್ಲೆಂಡಿಗೆ ಬಂದು ಹತ್ತೊಂಬತ್ತು ವರ್ಷವಾಗಿತ್ತು. ರೋಗಿಯ ಮುಖ ನೋಡಿದರೆ ಸಾಕು, ಎಲ್ಲ ತಿಳಿಯುತ್ತದೆ ಎಂಬ ಜಂಬವೂ ಬಂದಿತ್ತು.

ಒಂದು ಶನಿವಾರ ನಗರದಾಚೆಯ ರಿಂಗಾಸ್ಕಿಡಿಯಲ್ಲಿ ಕಟ್ಟುತ್ತಿದ್ದ ಔಷಧ ಕಾರ್ಖಾನೆಯ ಸಾರುವೆಯಿಂದ ಬಿದ್ದು ಲೇವಾನ್ ನಮ್ಮಲ್ಲಿಗೆ ಬಂದ. ವಯಸ್ಸು ಮೂವತ್ತರ ಆಸುಪಾಸು. ದೇಶ ಜಾರ್ಜಿಯಾ, ಅಮೆರಿಕದ್ದಲ್ಲ, ರಷ್ಯಾ ಮತ್ತು ಟರ್ಕಿಗಳ ನಡುವೆ ಕಪ್ಪು ಸಮುದ್ರದ ದಡದಲ್ಲಿರುವ ಜಾರ್ಜಿಯಾ. ಮುರಿದ ದವಡೆಗೆ ತಂತಿ ಬಿಗಿದಿದ್ದರು, ಬಲಗೈಗೆ ಪ್ಲಾಸ್ಟರ್. ಹಲ್ಲಿನ ಸಂದಿಯಿಂದ ಒಂದೆರಡು ಮಾತು ತೊದಲುವುದೇ ಕಷ್ಟ. ಇಂಗ್ಲಿಷ್ ಬಾರದು. ಫೋನ್ ಬಿದ್ದಲ್ಲೇ ಪುಡಿಯಾಗಿತ್ತು.

ಸೋಮವಾರ ಬೆಳಿಗ್ಗೆ ಫೋನಿನಲ್ಲಿ ದುಭಾಷಿಯನ್ನು ಕೇಳಿದೆ. ಜಾರ್ಜಿಯನ್ ಭಾಷೆಯವರು ಆ ಹೊತ್ತಿಗೆ ಸಿಗಲಿಲ್ಲ, ರಷ್ಯನ್ ಆಗಬಹುದೇ ಎಂದರು. ಅಕ್ಕಪಕ್ಕದ ದೇಶ ತಾನೇ, ಆಗುತ್ತದೆ ಎಂದೆ. ರಷ್ಯನ್ ಮಾತು ಕಿವಿಗೆ ಬಿದ್ದದ್ದೇ ತಡ, ಲೇವಾನ್ ಗೋಡೆಯ ಕಡೆ ಮುಖ ತಿರುಗಿಸಿದ. ‘ರೋಗಿಗೆ ದುಭಾಷಿ ಬೇಡವಂತೆ’ ಎಂದು ಫೈಲಿನಲ್ಲಿ ಬರೆದೆ. ನನ್ನನ್ನು ಯಾರಾದರೂ ಹಿಂದಿಯವಳು ಅಂದುಕೊಂಡರೆ ಉರಿದು ಬೀಳುವವಳು ನಾನು!

ಅವನು ಮತ್ತೆ ಮತ್ತೆ ಹೇಳುತ್ತಿದ್ದುದು ಒಂದೇ ಮಾತು: "ಮಾಮ, ಮಾಮ." ಜೊತೆಗೆ ಅಂದು ಎಡಗೈಯ ಮೂರು ಬೆರಳು ಎತ್ತುತ್ತಿದ್ದ. ಪೇನ್ ಸ್ಕೋರ್ ಎಂದರೆ ನೋವು ಎಷ್ಟಿದೆ ಎಂದು ಸೊನ್ನೆಯಿಂದ ಹತ್ತರೊಳಗೆ ರೋಗಿಯೇ ಹೇಳುವ ಲೆಕ್ಕ. ಮಾತು ಬಾರದವರು ಬೆರಳು ತೋರಿಸುತ್ತಾರೆ. ಹತ್ತಕ್ಕೆ ಮೂರು ಎಂದು ಬರೆದೆ. ಮಂಗಳವಾರ ಎರಡು ಬೆರಳು, ಎರಡು. ಬುಧವಾರ ಒಂದೇ, ಒಂದು. ಅಚ್ಚುಕಟ್ಟಾಗಿ ಇಳಿಯುತ್ತಿತ್ತು.

ನನ್ನ ಕೈಕೆಳಗಿನ ನರ್ಸ್ ಶಾಲಿನಿ, ಮೈಸೂರಿನವಳು, ಸುಮ್ಮನಿರಲಿಲ್ಲ. "ಅಕ್ಕಾ, ನೋವು ಕಮ್ಮಿ ಅಂತಾನೆ, ಅಳೋದು ಮಾತ್ರ ಜಾಸ್ತಿ ಆಗ್ತಿದೆ. ಏನೋ ಸರಿ ಕಾಣ್ತಿಲ್ಲ."

"ಅಮ್ಮನ್ನ ಕೇಳ್ತಿದಾನೆ ಕಣೇ. ಬಂದ ಹೊಸದ್ರಲ್ಲಿ ನೀನೂ ಅತ್ತಿಲ್ವಾ?" ಎಂದೆ. ಫೈಲಿನ ‘ಹತ್ತಿರದ ಸಂಬಂಧಿ’ ಕಾಲಂನಲ್ಲಿ ‘ತಾಯಿ, ಊರಿನಲ್ಲಿ’ ಎಂದು ತುಂಬಿಸಿದ್ದೂ ನಾನೇ.

ಗುರುವಾರ ಎರಡನೆಯ ಆಪರೇಷನ್ನಿಗೆ ಒಪ್ಪಿಗೆ ಬೇಕಿತ್ತು. ಅವನ ಭಾಷೆಯವರನ್ನು ತರದೆ ಚಾಕು ಹಿಡಿಯುವುದಿಲ್ಲ ಎಂದು ಸರ್ಜನ್ ಹಟ ಹಿಡಿದರು. ಮಧ್ಯಾಹ್ನ ಡಬ್ಲಿನ್ನಿನಿಂದ ನೀನೋ ಎಂಬ ಜಾರ್ಜಿಯನ್ ಮಹಿಳೆ ಫೋನಿನಲ್ಲಿ ಸಿಕ್ಕರು. ಲೇವಾನ್ ಸ್ಪೀಕರಿಗೆ ಬಾಯಿ ಹಚ್ಚಿ ಬಹಳ ಹೊತ್ತು ತೊದಲಿದ. ಆಕೆ ಅವನ ಮಾತನ್ನು ಎರಡೆರಡು ಸಲ ಕೇಳಿಸಿಕೊಂಡು ನನಗೆ ಹೇಳಿದರು: ಅವನ ಅಪ್ಪನೂ ಈ ದೇಶದಲ್ಲೇ ಇದ್ದರು. ಆಶ್ರಯದ ಅರ್ಜಿ ತಿರಸ್ಕೃತವಾಗಿ, ಗಡೀಪಾರಿಗೆ ಹಿಡಿದಿಟ್ಟಿದ್ದರು. ವಿಮಾನ ಅಂದೇ, ಗುರುವಾರ ಬೆಳಿಗ್ಗೆಯೇ ಹೊರಟಾಗಿತ್ತು. ಮಗ ಆಸ್ಪತ್ರೆಯಲ್ಲಿದ್ದಾನೆಂದು ನಮ್ಮಿಂದ ಒಂದು ಪತ್ರ ಹೋಗಿದ್ದರೆ ವಕೀಲರು ತಡೆ ಕೇಳಬಹುದಿತ್ತು.

"ಅವನು ಅಮ್ಮನನ್ನಲ್ಲವೇ ಕೇಳುತ್ತಿದ್ದದ್ದು?" ಎಂದೆ.

"ನಮ್ಮಲ್ಲಿ ಅಮ್ಮ ಅಂದರೆ ದೇದಾ," ಎಂದರು ನೀನೋ. "ಮಾಮ ಅಂದರೆ ಅಪ್ಪ. ಮೂರು ದಿನ ಇದೆ, ಎರಡು ದಿನ ಇದೆ ಅಂತ ಬೆರಳೆತ್ತಿ ತೋರಿಸಿದನಂತೆ. ನೀವು ಬರೆದುಕೊಂಡು ಹೋದಿರಂತೆ."

ರಷ್ಯನ್ ಯಾಕೆ ಬೇಡವೆಂದ ಎಂಬುದನ್ನೂ ಆಕೆಯೇ ಹೇಳಿದರು. 2008ರಲ್ಲಿ ರಷ್ಯದೊಂದಿಗೆ ನಡೆದ ಯುದ್ಧದಲ್ಲಿ ಲೇವಾನ್‌ನ ಮನೆ ಸುಟ್ಟಿತ್ತು. ಈಗ ಆ ಮನೆಯವರ ತೋಟ ಗಡಿಯೆಂದು ಹಾಕಿದ ಬೇಲಿಯಾಚೆ, ರಷ್ಯದ ಸೈನಿಕರ ಕಾವಲಿನಲ್ಲಿದೆ.

ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಕನ್ನಡದಲ್ಲಿ ಮಾಮ ಎಂದರೆ ಗಂಡಸು, ಅಮ್ಮನ ಅಣ್ಣತಮ್ಮ. ಆ ವಾರ್ಡಿನಲ್ಲಿ ‘ಮಾಮ’ ಎಂದರೆ ತಾಯಿಯೇ ಆಗಬೇಕಿಲ್ಲ ಎಂದು ಯಾರಿಗಾದರೂ ಹೊಳೆಯಬೇಕಿದ್ದರೆ ಅದು ನನಗೆ. ಇಂಗ್ಲಿಷಿನವರ ಕಿವಿಯಿಂದ ಕೇಳಿ ಕೇಳಿ ನನ್ನ ಕಿವಿ ಕೆಟ್ಟಿತ್ತು.

ಸಂಜೆ ನೋವು ಎಷ್ಟಿದೆ ಎಂದು ಬೆರಳೆತ್ತಿ ತೋರಿಸಿ ಕೇಳಿದೆ. ಲೇವಾನ್ ನನ್ನನ್ನೇ ನೋಡಿ, ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡ.

ರೋಗಿಯ ಉತ್ತರ ಬರೆದುಕೊಳ್ಳುವ ಮೊದಲು, ನಮ್ಮ ಪ್ರಶ್ನೆ ಅವನಿಗೆ ತಲುಪಿದೆಯೇ ಎಂದು ನೋಡಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟು, ಅದೂ ಇನ್ನೊಬ್ಬರ ಖರ್ಚಿನಲ್ಲಿ. ಮುಂದಿನ ತಿಂಗಳು ಚಾರ್ಟುಗಳ ತಪಾಸಣೆಗೆ ಬಂದವರು, ಪೇನ್ ಸ್ಕೋರ್ ಹೀಗೆ ಬರೆಯಬೇಕು ಎಂದು ಎಲ್ಲರಿಗೂ ತೋರಿಸಲು ಲೇವಾನ್‌ನ ಹಾಳೆಯನ್ನೇ ಆರಿಸಿದರು.