ಗಟ್ಟಿ ಕಾಲಿನ ಅಕ್ಷರ

ಕಮಲಾಪುರದ ಬಸ್‌ಸ್ಟ್ಯಾಂಡಿನ ಎದುರು ನನ್ನದು ಝೆರಾಕ್ಸ್ ಅಂಗಡಿ. ಪಕ್ಕದ್ದು ರಾಜೇಶ್ರೀಯದು. ಗಾಡಿಗಳ ಮೇಲೆ ಹೆಸರಿನ ಸ್ಟಿಕ್ಕರ್ ಕತ್ತರಿಸಿ ಅಂಟಿಸುವುದು ಅವಳ ಕೆಲಸ. ಅವಳ ತಂದೆ ಪೇಂಟರ್ ಭಾಗಪ್ಪನವರು ದಿನವೂ ಬಂದು, ಬಾಗಿಲ ಬಳಿ ರಸ್ತೆಯ ಕಡೆಗೆ ಸ್ಟೂಲ್ ಹಾಕಿಕೊಂಡು ಕೂತು, ಮಗಳ ಕೆಲಸಕ್ಕೆ ಮೂಗು ಮುರಿಯುತ್ತಾರೆ. ಅದೂ ಒಂದು ಕೆಲಸವೇ, ಸಂಬಳವಿಲ್ಲ ಅಷ್ಟೆ.

ಒಂದು ಕಾಲಕ್ಕೆ ಮಹಾಗಾಂವದ ಟ್ರ್ಯಾಕ್ಟರು, ಟೆಂಪೊಗಳಿಗೆಲ್ಲ ಬ್ರಷ್ಷಿನಿಂದ ಹೆಸರು ಬರೆದವರು ಇವರೇ. ಅಕ್ಷರಕ್ಕೆ ದಪ್ಪ ಮೈ, ತಲೆಕಟ್ಟಿನ ತುದಿಗೆ ತಿರುವಿದ ಮೀಸೆ, ಕೆಳಗೆ ಎತ್ತಿನ ಗೊರಸಿನಂಥ ಅಗಲ ಕಾಲು. ಅವರ ಅಕ್ಷರ ದೂರದಿಂದಲೇ ಗುರುತು ಸಿಗುತ್ತಿತ್ತು. ಜನ ಹೆಚ್ಚಾಗಿ ಮಕ್ಕಳ ಹೆಸರನ್ನೇ ಬರೆಸುತ್ತಿದ್ದರು. ಊರ ಮಕ್ಕಳ ಹೆಸರೆಲ್ಲ ಬರೆದ ಈ ಪುಣ್ಯಾತ್ಮರು ತಮ್ಮ ಲೂನಾ ಮಾತ್ರ ಖಾಲಿ ಬಿಟ್ಟಿದ್ದರು. ಪುರುಸೊತ್ತಾದಾಗ ಬರೆದರಾಯಿತು ಅಂದುಕೊಂಡಿದ್ದರು. ಪುರುಸೊತ್ತು ಸಿಗುವ ಹೊತ್ತಿಗೆ ಕೈ ನಡುಗತೊಡಗಿತ್ತು.

ಅಪ್ಪನ ಅಕ್ಷರ ಅಪ್ಪನ ಜೊತೆಗೇ ಮುಗಿದು ಹೋಗಬಾರದು ಎಂದು ರಾಜೇಶ್ರೀಗೆ ಆಸೆ. ಹಳೆಯ ಟ್ರೇಲರ್‌ಗಳ ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಒಂದೊಂದೇ ಅಕ್ಷರ ತಿದ್ದಿ, ಇಡೀ ವರ್ಣಮಾಲೆಗೆ ಫಾಂಟ್ ಮಾಡಿದಳು. ಮೊದಲ ಸ್ಟಿಕ್ಕರ್ ಖಮರುದ್ದೀನನ ಟೆಂಪೊದ ಹಿಂದೆ ಅಂಟಿತು, ಅವನ ಮಗಳು ‘ಜೈನಾಬಿ’ಯ ಹೆಸರು. ಭಾಗಪ್ಪನವರು ಒಮ್ಮೆ ನೋಡಿ ಸ್ಟೂಲಿಗೆ ವಾಪಸಾದರು.

ಏಪ್ರಿಲ್ ಬಿಸಿಲಿಗೂ ಗಾಡಿ ತೊಳೆಯುವ ನೀರಿನ ಹೊಡೆತಕ್ಕೂ ಮೀಸೆಯ ಸಣ್ಣ ತುದಿಗಳೆಲ್ಲ ಕಿತ್ತುಬಂದವು. ಖಮರುದ್ದೀನ್ ನಗುತ್ತಲೇ ತೋರಿಸಿದ. ರಾಜೇಶ್ರೀ ಮಾತ್ರ ನನ್ನ ಅಂಗಡಿಗೆ ಬಂದು ಕಣ್ಣೊರೆಸಿಕೊಂಡಳು. ತುದಿ ದಪ್ಪ ಮಾಡಿದರೆ ನಿಲ್ಲುತ್ತದೆ, ಆದರೆ ಮಗಳು ತನ್ನ ಅಕ್ಷರ ಕೆಡಿಸಿದಳು ಎಂದು ಅಪ್ಪ ನೊಂದುಕೊಂಡರೆ ಏನು ಮಾಡಲಿ ಅಂದಳು. ನನಗೆ ಸಿಟ್ಟು ಬಂತು. ಉದುರುವ ಅಕ್ಷರ ಇಟ್ಟುಕೊಂಡು ಪೂಜೆ ಮಾಡುತ್ತೀಯಾ ಎಂದೆ. ಕೊನೆಗೆ ಮೀಸೆ ಮೊಂಡಾಯಿತು, ಕಾಲು ಇನ್ನೂ ಅಗಲವಾಯಿತು. ಟೆಂಪೊಗೆ ಹೊಸ ಸ್ಟಿಕ್ಕರ್ ಬಿತ್ತು. ಅಪ್ಪನಿಗೆ ಹೇಳುವ ಧೈರ್ಯ ಅವಳಿಗೆ ಬರಲಿಲ್ಲ.

ಕಳೆದ ತಿಂಗಳು ಭಾಗಪ್ಪನವರ ಹೊಸ ಕನ್ನಡಕ ತರಲು ಅವರೂ ನಾನೂ ಕಲಬುರಗಿಗೆ ಹೋಗಿದ್ದೆವು. ವಾಪಸು ಬರುವಾಗ ಕಪನೂರ ಹತ್ತಿರ ನಮ್ಮ ಬಸ್ಸಿನ ಮುಂದೆಯೇ ಖಮರುದ್ದೀನನ ಟೆಂಪೊ. ಭಾಗಪ್ಪನವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

“ಇದು ನನ್ನ ಕೈ ಅಲ್ಲ,” ಅಂದರು.

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

“ನನ್ನ ಅಕ್ಷರದ ಕಾಲು ಇಷ್ಟು ಗಟ್ಟಿ ಇರ್ಲಿಲ್ಲ. ಇದು ನನ್ನ ಮಗಳ ಕೈ ಅದ.”

ಮರುದಿನ ಲೂನಾ ತಳ್ಳಿಕೊಂಡು ಬಂದು ಅಂಗಡಿ ಮುಂದೆ ನಿಲ್ಲಿಸಿ, ಹೆಸರು ಹಚ್ಚು ಅಂದರು. ಯಾರ ಹೆಸರು ಎಂದು ರಾಜೇಶ್ರೀ ಕೇಳಿದಳು.

“ನನಗ ಇರೋ ಮಗಳು ಒಬ್ಬಾಕಿ. ಮತ್ತ ಯಾರ ಹೆಸರು ಹಚ್ತಿ?”

ಈಗ ಅವರು ಸ್ಟೂಲನ್ನು ರಸ್ತೆಯ ಕಡೆ ಹಾಕುವುದಿಲ್ಲ. ಪಕ್ಕದಲ್ಲಿ ನಿಂತ ಲೂನಾದ ಮೇಲಿನ ಹೆಸರು ಕಾಣುವ ಹಾಗೆ ತಿರುಗಿಸಿ ಹಾಕಿಕೊಂಡು ಕೂರುತ್ತಾರೆ.